ಗ್ರಂಥಾಲಯದಲ್ಲಿ ದಿವಾಳಿ

ಕೆಲವರಿಗೆ ಪದೇ ಪದೇ ನೆಗಡಿ ಆಗುವ ಹಾಗೆ ನನಗೆ ಮರ್ಯಾದೆ ಹೋಗುವ ಪ್ರಸಂಗಗಳು ಬರುತ್ತವೆ. ನಾನು ದಿನಾ ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನಲ್ಲಿ ರೈಲು ಹತ್ತಿ ಒಂದು ಹಳೆಯ ಗ್ರಂಥಾಲಯಕ್ಕೆ ಕೆಲಸಕ್ಕೆ ಹೋಗುತ್ತಿದ್ದೆ. ಅಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ವ್ಯಂಗ್ಯಚಿತ್ರಗಳ ಪ್ರದರ್ಶನ ನಡೆದಿತ್ತು. ಬ್ಯಾಂಕುಗಳು ಮುಳುಗಿದ್ದು, ಪತ್ರಿಕೆಗಳು ಅದಕ್ಕೆ ಉಪ್ಪುಖಾರ ಹಚ್ಚಿ ಮಾರಿಕೊಂಡಿದ್ದು, ಎಲ್ಲ ಗೋಡೆಯ ಮೇಲಿತ್ತು. ಬಂದವರಿಗೆ ವಿವರಿಸುವುದು ನನ್ನ ಕೆಲಸ. ಆರು ತಿಂಗಳ ಪ್ರೊಬೇಷನ್. ಆಮೇಲೆ ಖಾಯಂ ಮಾಡುತ್ತಾರೋ ಮನೆಗೆ ಕಳಿಸುತ್ತಾರೋ ಗೊತ್ತಿರಲಿಲ್ಲ. ಮುಂದೆ ಹೇಳುವುದೆಲ್ಲ ಆ ಹೆದರಿಕೆಯ ಫಲ.

೧. ಓಟ

ಮೊದಲ ತಿಂಗಳು ಕನ್ನಡ ಸಂಘದವರು ಬಂದರು. ಒಂದು ಚಿತ್ರದ ಕೆಳಗೆ ಇಂಗ್ಲಿಷಿನಲ್ಲಿ ‘ರನ್ ಆನ್ ದ ಬ್ಯಾಂಕ್’ ಅಂತಿತ್ತು. ಹಾಗೆಂದರೆ ಜನ ಗಾಬರಿಯಾಗಿ ತಮ್ಮ ಠೇವಣಿ ವಾಪಸ್ ಕೇಳಲು ಮುಗಿಬೀಳುವುದು ಎಂದು ನನಗಾಗ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಧೈರ್ಯವೂ ಇರಲಿಲ್ಲ.

“ಇದು ಬ್ಯಾಂಕಿನ ಓಟ,” ಎಂದೆ ಗಂಭೀರವಾಗಿ.

ಗುಂಪಿನಲ್ಲಿ ಉಡುಪಿ ಕಡೆಯ ಹಿರಿಯರೊಬ್ಬರಿದ್ದರು. ಮಗಳ ಮನೆಯಲ್ಲಿರುವವರು. ಅವರು ಕನ್ನಡಕ ಸರಿಮಾಡಿಕೊಂಡು ಚಿತ್ರದ ಹತ್ತಿರ ಹೋದರು. “ಅಲ್ಲಮ್ಮಾ, ಇವರು ಯಾರೂ ಓಡುವುದು ಕಾಣುವುದಿಲ್ಲವಲ್ಲ? ಎಲ್ಲ ಬಾಗಿಲಲ್ಲಿ ನಿಂತಿದ್ದಾರೆ.”

“ಅದು ಓಟ ಮುಗಿದ ಮೇಲಿನ ಚಿತ್ರ ಸರ್.”

“ಹೌದಾ,” ಎಂದು ಅವರು ತಲೆಯಾಡಿಸಿದರು. ಅವರು ಮೂವತ್ತೈದು ವರ್ಷ ಬ್ಯಾಂಕಿನಲ್ಲೇ ಕೆಲಸ ಮಾಡಿ ನಿವೃತ್ತರಾದವರು ಎಂದು ಮಗಳು ನನಗೆ ಹೇಳಿದ್ದು ಚಹಾ ಕುಡಿಯುವಾಗ.

೨. ಪತ್ರಿಕೆ

ಇನ್ನೊಂದು ಚಿತ್ರದಲ್ಲಿ ದಪ್ಪ ಹೊಟ್ಟೆಯ ಸಂಪಾದಕನೊಬ್ಬ ಒಂದು ಕೈಯಲ್ಲಿ ಸುಳ್ಳು ಕಂಪನಿಯ ಜಾಹೀರಾತು ಹಿಡಿದು, ಇನ್ನೊಂದು ಕೈಯಲ್ಲಿ ಅದೇ ಕಂಪನಿಯನ್ನು ಬೈದು ಬರೆಯುತ್ತಿದ್ದ. ಅದರ ಮುಂದೆ ನಿಂತು ಸ್ಥಳೀಯ ಪತ್ರಿಕೆಯ ಹುಡುಗಿಯೊಬ್ಬಳಿಗೆ ಪತ್ರಿಕೆಯವರ ಹೊಣೆಗೇಡಿತನದ ಬಗ್ಗೆ ಇಪ್ಪತ್ತು ನಿಮಿಷ ಕೊರೆದೆ. ಶನಿವಾರ ಕನ್ನಡದಲ್ಲೂ ವಿವರಿಸುತ್ತೇನೆ ಎಂದೂ ಹೇಳಿದೆ. ಪಾಪ, ಎಲ್ಲ ಬರೆದುಕೊಂಡಳು.

ವಾರ ಕಳೆದು ಸುದ್ದಿ ಬಂತು. ‘ಶನಿವಾರ ಕೆನೇಡಿಯನ್ ಭಾಷೆಯಲ್ಲಿ ವಿವರಣೆ.’ ಆ ಶನಿವಾರ ಲೀಡ್ಸ್‌ನಿಂದ ನಿಜವಾದ ಕೆನಡಾದ ದಂಪತಿ ಬಂದಿಳಿದರು. ಅವರಿಗೆ ಸಾರಿ ಹೇಳಿ, ಸಿಟ್ಟಿನಿಂದ ಆ ಹುಡುಗಿಗೆ ಫೋನ್ ಮಾಡಿದೆ.

“ಅಚ್ಚಿಗೆ ಮುಂಚೆ ನೋಡಿ ಅಂತ ನಿಮಗೆ ಕಳಿಸಿದ್ದೆನಲ್ಲ,” ಎಂದಳು.

ಮೇಲ್ ತೆಗೆದು ನೋಡಿದೆ. ಓದದೆಯೇ ನಾನು ಕಳಿಸಿದ್ದ ಉತ್ತರವೂ ಅಲ್ಲೇ ಇತ್ತು. ‘ಒಂದಕ್ಷರವೂ ತಪ್ಪಿಲ್ಲ.’

೩. ದಿವಾಳಿ

ಇದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ.

ಪ್ರದರ್ಶನಕ್ಕೆ ಕನ್ನಡದಲ್ಲೊಂದು ಹೆಸರು ಕೊಡಿ ಎಂದು ಮ್ಯಾನೇಜರ್ ಕೇಳಿದರು. ಒಳ್ಳೆಯ ಮನುಷ್ಯ. ‘ಪತ್ರಿಕೆ ಮತ್ತು ದಿವಾಳಿ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟೆ. ದಿವಾಳಿ ಎಂದರೆ ನಮಗೆ ಕೈ ಬರಿದಾಗುವುದು. ಇಂಗ್ಲೆಂಡಿನ ತುಂಬ ಅದು ದೀಪದ ಹಬ್ಬ. ಅಕ್ಟೋಬರ್ ಬೇರೆ.

ಪೋಸ್ಟರ್ ಬಂತು. ಸುತ್ತ ಹಣತೆ, ನಡುವೆ ‘ದಿವಾಳಿ’, ಕೆಳಗೆ ‘ಸಿಹಿತಿಂಡಿ ಉಚಿತ’.

“ಹೇಗಿದೆ?” ಎಂದರು ಮ್ಯಾನೇಜರ್, ಮಗುವಿನ ಹಾಗೆ ಮುಖ ಅರಳಿಸಿಕೊಂಡು.

ಆಗಲೇ ಹೇಳಬೇಕಿತ್ತು. ನನ್ನ ಪ್ರೊಬೇಷನ್ ಮುಗಿಯಲು ಮೂರೇ ವಾರ ಉಳಿದಿತ್ತು. “ಚೆನ್ನಾಗಿದೆ,” ಎಂದೆ.

ಅಷ್ಟಕ್ಕೇ ಮುಗಿಯಲಿಲ್ಲ. ಅವರಿಗೆ ಕನ್ನಡದಲ್ಲೇ ಹಬ್ಬದ ಶುಭಾಶಯ ಕೋರುವ ಆಸೆ. ಎಲ್ಲಿಂದಲೋ ಎರಡು ವಾಕ್ಯ ಹೊಂದಿಸಿ ತಂದು ಮೂರು ದಿನ ನನ್ನ ಮುಂದೆ ಅಭ್ಯಾಸ ಮಾಡಿದರು. ನಾನು ‘ಶುಭಾಶಯ’ದ ಉಚ್ಚಾರಣೆಯನ್ನಷ್ಟೇ ತಿದ್ದಿದೆ.

ಶನಿವಾರ ಜನವೋ ಜನ. ರೇಷ್ಮೆ ಸೀರೆ, ಜರಿ ಲಂಗ, ತಟ್ಟೆ ತುಂಬ ಮೈಸೂರು ಪಾಕ್. ದೀಪದ ಸರದ ಕೆಳಗೆ ಜೇಬು ಹೊರಗೆಳೆದು ಅಳುತ್ತಿರುವ ಬ್ಯಾಂಕ್ ಮಾಲೀಕನ ಚಿತ್ರ. ಮ್ಯಾನೇಜರ್ ಕುರ್ತಾ ತೊಟ್ಟು ವೇದಿಕೆ ಹತ್ತಿ, ಎರಡೂ ಕೈ ಮುಗಿದು, ಸ್ಪಷ್ಟವಾಗಿ ಹೇಳಿದರು.

“ಎಲ್ಲರಿಗೂ ದಿವಾಳಿಯ ಶುಭಾಶಯಗಳು. ನಿಮ್ಮ ಮನೆಮನೆಯಲ್ಲೂ ದಿವಾಳಿಯಾಗಲಿ.”

ಮುಂದಿನ ಸಾಲಿನಲ್ಲಿದ್ದ ಉಡುಪಿಯ ಹಿರಿಯರು ನಿಧಾನವಾಗಿ ಎದ್ದು, ಅಷ್ಟೇ ವಿನಯದಿಂದ ಕೈ ಮುಗಿದರು.

“ನಿಮಗೂ ಹಾಗೇ ಆಗಲಿ ಸ್ವಾಮಿ.”

ಹಾಲ್ ಬಿದ್ದುಹೋಗುವಂತೆ ಜನ ನಕ್ಕರು. ತಮ್ಮ ಕನ್ನಡ ಗೆದ್ದಿತೆಂದು ಮ್ಯಾನೇಜರೂ ನಕ್ಕರು. ನಾನೊಬ್ಬಳೇ ನಗಲಿಲ್ಲ. ಅಷ್ಟು ಜನರ ಎದುರು ಅವರು ನನ್ನನ್ನು ನಂಬಿ ನಿಂತಿದ್ದರು.

ಸೋಮವಾರ ಮ್ಯಾನೇಜರ್ ಬಳಿ ಹೋಗಿ, ದಿವಾಳಿಯ ಕನ್ನಡ ಅರ್ಥ ಹೇಳಿ, ಎಲ್ಲ ಒಪ್ಪಿಕೊಂಡೆ. ಪೋಸ್ಟರ್ ನೋಡಿದ ದಿನವೇ ಗೊತ್ತಿತ್ತು, ಕೆಲಸ ಹೋದೀತೆಂದು ಸುಮ್ಮನಿದ್ದೆ ಎಂದೆ.

“ಆ ಹಿರಿಯರು ನನಗೇನೋ ಉತ್ತರ ಕೊಟ್ಟರಲ್ಲ, ಏನದು?” ಎಂದು ಕೇಳಿದರು.

“ನಿಮಗೂ ಹಾಗೇ ಆಗಲಿ ಅಂದರು.”

ಅವರು ಡ್ರಾಯರ್‌ನಿಂದ ಒಂದು ಪತ್ರ ತೆಗೆದು ನನ್ನತ್ತ ಸರಿಸಿದರು. ಸ್ಥಳೀಯ ಆಡಳಿತದ ಕೌನ್ಸಿಲ್‌ನದು. ಗ್ರಂಥಾಲಯಕ್ಕೆ ಮುಂದಿನ ವರ್ಷ ಹಣವಿಲ್ಲ, ಯಾರನ್ನೂ ಖಾಯಂ ಮಾಡುವಂತಿಲ್ಲ. ತಾರೀಖು ನೋಡಿದೆ. ಪೋಸ್ಟರಿಗಿಂತ ಹಳೆಯದು. ನನಗೆ ಹೇಳಲು ನಾಚಿ ಅವರೂ ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದರು.

“ಆ ಹಿರಿಯರಿಗೆ ಹೇಳಿಬಿಡಿ,” ಎಂದರು ತಲೆ ಎತ್ತದೆ. “ಆಗಿದೆ ಅಂತ.”