ಕರೋಶಿಯಲ್ಲಿ ಚಂದ್ರದರ್ಶನ

ಎಲ್ಲದಕ್ಕೂ ಮೂಲ ಆ ರಾತ್ರಿ ಕರೋಶಿಯ ಮೇಲೆ ಕವಿದ ಮೋಡ. ಆದರೆ ಬೆಳಿಗ್ಗೆ ಗಾಜಿನ ಪೆಟ್ಟಿಗೆ ಖಾಲಿ ಕಂಡಾಗ ಶಾಲೆಯ ಜವಾನ ಲಗಮಪ್ಪನಿಗೆ ಆಕಾಶದ ನೆನಪಾಗಲಿಲ್ಲ. ಇನ್ನೂ ಕಾಯಂ ಆಗದ ನೌಕರಿಯ ನೆನಪಾಯಿತು.

ಪೆಟ್ಟಿಗೆಯಲ್ಲಿದ್ದದ್ದು ಚಂದ್ರನ ಕಲ್ಲು. ಬೋರೆಹಣ್ಣಿನಷ್ಟು ಗಾತ್ರ, ಕರೀ ಬಣ್ಣ. ವಿಜ್ಞಾನ ಕೇಂದ್ರವೊಂದು ಊರೂರಿಗೆ ತೋರಿಸಲು ಕಳಿಸಿದ್ದು. ನೋಡಿದವರೆಲ್ಲ, "ಇಂಥಾವು ನಮ್ಮ ಹೊಲದಾಗ ರಗಡ ಅದಾವು" ಎಂದು ನಿರಾಸೆಯಿಂದ ಹೋಗಿದ್ದರು. ಅದನ್ನು ಮರಳಿ ಒಯ್ಯಲು ಇವತ್ತು ಚಿಕ್ಕೋಡಿಯ ಸಾಹೇಬರು ಬರುವವರಿದ್ದರು. ಕಾವಲಿಗೆಂದು ಲಗಮಪ್ಪ ರಾತ್ರಿ ಪೆಟ್ಟಿಗೆಯ ಪಕ್ಕದಲ್ಲೇ, ಬಿತ್ತನೆ ಮುಗಿಸಿದ ಎತ್ತಿನಂತೆ ಮಲಗಿದ್ದ.

"ಅಳತೀ ಯಾಕಲೇ?" ಎಂದರು ಡ್ರಿಲ್ ಮಾಸ್ತರ ಮುರಗೆಪ್ಪ. "ಹೊರಗ ರಸ್ತಾಕ್ಕ ಹಾಕೂ ಖಡಿ ಕಲ್ಲು ಒಟ್ಯಾರ. ಕರೀದೊಂದು ಆರಿಸಿ ಇಡು. ಚಂದ್ರನ ಮ್ಯಾಲ ಹೋಗಿ ಬಂದಾವ್ರು ಚಿಕ್ಕೋಡ್ಯಾಗ ಯಾರದಾರ?"

ಲಗಮಪ್ಪ ಇಟ್ಟ. ಕಸ ಗುಡಿಸಲು ಬಂದ ಕೆಂಪವ್ವ ಬಗ್ಗಿ ನೋಡಿದಳು.

"ಇದ್ಯಾವ ಕಲ್ಲ ಇಟ್ರಿ ಲಗಮಣ್ಣಾ? ಆ ಕಲ್ಲು ನಮ್ಮ ಓಣಿ ಶೇವಂತಾನ ಮನ್ಯಾಗ ಐತ್ಯಲ್ಲ."

ಲಗಮಪ್ಪ ಅವಳ ಕಸಬರಿಗೆಗೆ ಅಡ್ಡ ನಿಂತ. ಕೆಂಪವ್ವ ಹೇಳಿದಳು:

"ನಿನ್ನಿ ಸಂಕಷ್ಟಿ ಇತ್ತಲ್ರಿ. ಚಂದ್ರನ್ನ ನೋಡಲಾರದ ತುತ್ತು ಎತ್ತೂಹಂಗಿಲ್ಲ; ಅಂವಾ ನೋಡಿದ್ರ ಮೋಡದಾಗ ಕುಂತಾನ. ಇಡೀ ಚಂದ್ರ ಇಲ್ಲಂದ್ರ ಚೂರರ ನೋಡೂಣಂತ ನಾವು ಹೆಣಮಕ್ಕಳು ಒಯ್ದ್ವಿ. ನೀವು ಗೊರಕಿ ಹೊಡ್ಯಾಕತ್ತಿದ್ರಿ, ಎಬ್ಬಸಾಕ ಮನಸ ಬರಲಿಲ್ಲ."

ಲಗಮಪ್ಪ ಓಡಿದ. ಶೇವಂತಾ ಬಾಗಿಲಲ್ಲೇ ಹೇಳಿದಳು: "ನಾ ಆರತಿ ಮಾಡಿ ಉಂಡು, ನಿಮ್ಮ ಮನೀಗೇ ಕೊಟ್ಟು ಬಂದೇನ್ರಿ."

ಮನೆಯಲ್ಲಿ ಚಂದ್ರ ದೇವರ ಜಗಲಿಯ ಮೇಲೆ ಕುಂಕುಮ ಹಚ್ಚಿಕೊಂಡು ಕುಳಿತಿದ್ದ.

"ನನ್ನ ನೌಕರಿ ಕಳದ್ಯಲ್ಲೇ!"

"ನಿಮ್ಮ ನೌಕರಿ ಕಾಯಂ ಆಗ್ಲಿ ಅಂತನ ನಾ ಉಪಾಸ ಹಿಡದದ್ದು," ಎಂದಳು ಹೆಂಡತಿ ಅನುಸೂಯಾ.

ದಾರಿಯುದ್ದಕ್ಕೂ ಕಲ್ಲನ್ನು ಅಂಗಿಗೆ ಒರೆಸುತ್ತ, ಕುಂಕುಮದ ಗುರುತೂ ಉಳಿಯದಂತೆ ಮಾಡಿ ಲಗಮಪ್ಪ ಶಾಲೆ ಮುಟ್ಟಿದಾಗ ಸಾಹೇಬರು ಪೆಟ್ಟಿಗೆಗೆ ಮೊಹರು ಹಾಕಿಸಿ ಚಹಾ ಕುಡಿಯುತ್ತಿದ್ದರು. ಅವರನ್ನು ಬದಿಗೆ ಕರೆದು, ನಡೆದದ್ದೆಲ್ಲ ಹೇಳಿ, ಮುಷ್ಟಿ ಬಿಚ್ಚಿದ.

ಸಾಹೇಬರ ಮುಖ ಸಪ್ಪಗಾಯಿತು.

"ಚಿಕ್ಕೋಡ್ಯಾಗೂ ಮೋಡನ ಇತ್ತೋ," ದನಿ ತಗ್ಗಿಸಿದರು. "ನಮ್ಮ ಮನ್ಯಾಕಿ ನಿನ್ನಿಯಿಂದ ಉಪಾಸ ಕುಂತಿದ್ಲು. ಈಗರ ಪೆಟಗ್ಯಾಗಿಂದು ವಿಡಿಯೋ ಕಾಲ್‌ನ್ಯಾಗ ತೋರಿಸೇನಿ. ಕೈಮುಗದು ಉಪ್ಪಿಟ್ಟ ತಿಂದಾಳ. ಅದು ಖಡಿ ಅಂತ ಗೊತ್ತಾದ್ರ ನಾ ಮನೀಗೆ ಹೋಗೂದು ಹೆಂಗ? ಪೆಟಗ್ಯಾಗಿಂದನ ಚಂದ್ರ. ನಿನ್ನ ಕೈಯಾಗಿಂದು ಖಡಿ. ಒಗಿ ಅತ್ತಾಗ."

ಸಾಹೇಬರ ಮಾತು ಮೀರಿ ಲಗಮಪ್ಪನಿಗೆ ರೂಢಿಯಿಲ್ಲ. ರಸ್ತೆಬದಿಯ ಖಡಿರಾಶಿಯ ನಡುವೆ ಬೀಳುವಂತೆ ಬಲವಾಗಿ ಒಗೆದ.

ಆಗ ಸಾಹೇಬರ ಫೋನು ಬಡಿದುಕೊಂಡಿತು; ವಿಜ್ಞಾನ ಕೇಂದ್ರದವರು. "ಹೌದ್ರಿ, ತರಾಕತ್ತೇನ್ರಿ... ಏನು? ಮೊದಲ ಮಷೀನಿಗೆ ಹಾಕಿ ತಪಾಸ ಮಾಡ್ತೀರಿ?"

ಫೋನು ಮೆಲ್ಲಗೆ ಕೆಳಗಿಳಿಯಿತು. "ಲಗಮಪ್ಪಾ, ಯಾವ ಕಡೆ ಒಗದಿ? ಅದು ಸಿಗೂ ತನಕಾ ಅಲ್ಲಿಂದ ಏಳಬ್ಯಾಡ."

ಮಧ್ಯಾಹ್ನ ಅನುಸೂಯಾ ರೊಟ್ಟಿ ಗಂಟು ಹಿಡಿದು ಬಂದಾಗ ಗಂಡ ರಾಶಿಯ ಮೇಲೆ ಕುಳಿತು, ಒಂದೊಂದೇ ಕರೀ ಕಲ್ಲು ಎತ್ತಿ ಬಿಸಿಲಿಗೆ ಹಿಡಿದು ನೋಡುತ್ತಿದ್ದ.

"ಎರಡ ತುತ್ತು ಉಂಡು ಹುಡುಕ್ರಿ."

"ಹೆಂಗ ಉಣ್ಣಲಿ?" ಎಂದ ಲಗಮಪ್ಪ. "ಚಂದ್ರ ಕಾಣೂ ತನಕಾ ನನಗೂ ಊಟ ಇಲ್ಲ."