ಪಂಖಾದ ಪೆಟ್ಟಿಗೆಗೆ ಹೊತ್ತು ಕಲಿಸಿದ್ದು

ನಾನು ಮೊದಲ ಸಲ ಹೇಳದೆ ಕೇಳದೆ ಮನೆ ಬಿಟ್ಟದ್ದು ಒಂದು ಮಂಗಳವಾರ. ಏಳನೇ ಇಯತ್ತೆಯ ಗಣಿತದ ಪರೀಕ್ಷೆ ಅಂದೇ ಇತ್ತು. ಆಮೇಲೆ ಬೋರ್‌ವೆಲ್ ಗಾಡಿ, ಜೀಪಿನ ಕ್ಲೀನರ್ ಕೆಲಸ, ಕಬ್ಬು ಕಡಿಯುವ ಟೋಳಿ ಅಂತ ತಿರುಗಿದ್ದೇನೆ. ಹೋದಲ್ಲೆಲ್ಲ ಏನಾದರೊಂದು ತಮಾಷೆ ನಡೆಯುತ್ತಲೇ ಇರುತ್ತದೆ, ನಾನೇನು ಕರೆದು ತರುವುದಿಲ್ಲ. ಹೋದ ವರ್ಷ ಗಡಿಯಾಚೆ ಮರಾಠಿ ಸೀಮೆಯ ಉಟಗಿ ಕಡೆ, ಕರೆಂಟು ಮಾಡುವ ಗಾಳಿ ಪಂಖಾಗಳ ಕೆಲಸ ಸಿಕ್ಕಿತು.

ಪಂಖಾದ ಬುಡದ ಕೋಣೆಯಲ್ಲಿ ಒಂದು ಸಣ್ಣ ಕಂಪ್ಯೂಟರ್ ಪೆಟ್ಟಿಗೆ. ಪಂಖಾ ಯಾವಾಗ ತಿರುಗಿತು, ಯಾವ ಗುಂಡಿ ಒತ್ತಿದರು, ಒಳಗೆ ಯಾವ ಪ್ರೋಗ್ರಾಂ ಎದ್ದಿತು, ಎಲ್ಲ ಬರೆದುಕೊಳ್ಳುತ್ತದೆ. ಕರೆಂಟು ಹೋಗಿ ಬ್ಯಾಟರಿಯೂ ಮುಗಿದರೆ ಮಲಗುತ್ತದೆ. ಎದ್ದಾಗ, ಮಲಗಿದ ಹೊತ್ತೇ ಇನ್ನೂ ಇದೆ ಅಂದುಕೊಂಡು ಬರೆಯಲು ಶುರು ಮಾಡುತ್ತದೆ. ಆಮೇಲೆ ನೆಟ್‌ವರ್ಕಿನಿಂದ ಸರಿ ಹೊತ್ತು ಬಂದರೂ, ಶುರುವಾದ ದಾಖಲೆ ಹಳೆಯ ಹೊತ್ತನ್ನೇ ಹಿಡಿದು ಕೂತಿರುತ್ತದೆ. ಆಗ ಕೀಬೋರ್ಡಿನಲ್ಲಿ ಒಂದು ಸಾಲು ಬಡಿಯಬೇಕು. ಬರೆದದ್ದು ಏನೂ ಅಳಿಯುವುದಿಲ್ಲ, ಎಲ್ಲದರ ಹೊತ್ತು ಮಾತ್ರ ಸರಿಯಾಗುತ್ತದೆ. ಆ ಸಾಲು ಬಡಿಯುವುದೇ ನನ್ನ ಕೆಲಸ.

ಅಲ್ಲಿಯ ವಾಚಮನ್ ಒಬ್ಬ ಕುರಿಗಾರ ಕಾಕಾ. ಪಂಖಾ ನಿಂತ ನೆಲ ಮೊದಲು ಅವರದೇ. ನೆಲ ಕೊಟ್ಟು ನೌಕರಿ ತಗೊಂಡವರು. ಕಾರಣವಿಲ್ಲದೆ ಪಂಖಾ ನಿಲ್ಲಿಸಿದ ವಾಚಮನ್ನನ ನೌಕರಿ ಅವತ್ತೇ ಮುಗಿಯಿತು ಅಂತ ಕಂಪನಿಯ ನಿಯಮ. ಪಕ್ಕದ ಪಂಖಾದವನು ಹಾಗೇ ಹೋಗಿದ್ದ. ಅದಕ್ಕೆ ಕಾಕಾ, ಪೆಟ್ಟಿಗೆಯ ಪಕ್ಕದ ಗೋಡೆಯಲ್ಲಿದ್ದ ಪಂಖಾ ನಿಲ್ಲಿಸುವ ಕೆಂಪು ಗುಂಡಿಯನ್ನು ಹಾವು ನೋಡಿದಂತೆ ನೋಡುತ್ತಿದ್ದರು.

ಒಂದೇ ಅಕ್ಷರ

ಮೊದಲ ದಿನ ಆ ಸಾಲನ್ನು ಪುಣೆಯ ಕಂಪನಿ ಆಫೀಸಿನ ಮ್ಯಾಡಂ ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿದರು. ರೀಜನರೇಟ್ ಅಂತ ಏನೋ ಒಂದು ಉದ್ದನೆಯ ಶಬ್ದ. ಸಿಗ್ನಲ್ ಹೊರಗಿನ ದಿಬ್ಬದ ಮೇಲೆ, ಕೀಬೋರ್ಡ್ ಒಳಗೆ. ದಿಬ್ಬ ಏರಿ ಅಕ್ಷರ ಕೇಳುವುದು, ಓಡಿ ಬಂದು ಬಡಿಯುವುದು, ಮತ್ತೆ ಓಡುವುದು. ಒಂದು ಚೀಟಿಯಲ್ಲಿ ಬರೆದುಕೊಳ್ಳಬಹುದಿತ್ತು ಎಂಬುದು ಹೊಳೆದದ್ದು ಮರುದಿನ. ನೆರಳಲ್ಲಿ ಕೂತು ನೋಡುತ್ತಿದ್ದ ಕಾಕಾ ಕೇಳಿದರು:

"ಈಗೇನ್ ತಂದಿ ತಮ್ಮಾ?"

"ಇ ಅಂತ ಅಕ್ಷರ, ಕಾಕಾ."

"ಆಗಳೇ ಅದನ್ನ ತಂದಿದ್ದೆಲ್ಲ?"

"ಅದು ನಾಕ ಸಲ ಬರತೈತ್ರಿ."

ಕಾಕಾ ತಲೆ ಮೇಲೆ ಕೈ ಇಟ್ಟುಕೊಂಡರು. "ಹಂಗಾರ ಒಮ್ಮೆ ಹೋದಾಗ ನಾಕೂ ತಗೊಂಡ ಬರಬಾರದೇನೋ!"

ಕುರಿ ಎಣಿಕೆ

ಇನ್ನೊಂದು ದಿನ ಮ್ಯಾಡಂ ಬೇರೆ ಸಾಲು ಹೇಳಿದರು. ದಾಖಲೆ ಶುರುವಾದಾಗ ಪೆಟ್ಟಿಗೆಯೊಳಗೆ ಆಗಲೇ ಯಾವ ಯಾವ ಪ್ರೋಗ್ರಾಂ ಓಡುತ್ತಿದ್ದವು ಎಂಬ ಪಟ್ಟಿ ಕಳೆದಿತ್ತಂತೆ. ಅದನ್ನು ಮತ್ತೆ ತೆಗೆಸಬೇಕು. ನನಗೆ ಒಂದೂ ತಿಳಿಯಲಿಲ್ಲ. ಕಾಕಾನಿಗೆ ಕೂಡಲೇ ತಿಳಿಯಿತು.

"ಕುರಿ ದಡ್ಡಿ ಬಾಗಲದಾಗ ನಿಂತು ಒಳಗ ಬರೂವ, ಹೊರಗ ಹೋಗೂವ ಎಣಸ್ತಿ. ಮೊದಲ ಒಳಗ ಎಷ್ಟಿದ್ದೂ ಅನ್ನೂದ ಗೊತ್ತಿಲ್ಲಂದ್ರ ಎಣಿಸಿ ಏನ್ ಬಂತು? ಮತ್ತೊಮ್ಮೆ ಕುರಿ ಎಣಸೂದು, ಅಷ್ಟ."

ನನಗೆ ಚಲೋ ಅನ್ನಿಸಿತು. ಕೆಲಸದ ರಿಜಿಸ್ಟರಿನಲ್ಲಿ ಮರಾಠಿಯಲ್ಲಿ 'ಕುರಿ ಎಣಿಸಲಾಯಿತು' ಎಂದು ಬರೆದೆ. ಮುಂದೆಯೂ ಹಾಗೇ ಬರೆಯುತ್ತ ಬಂದೆ. ತಪಾಸಣೆಗೆ ಬಂದ ದೊಡ್ಡ ಸಾಹೇಬರು ಅದನ್ನು ಓದಿ ಹೊರಗೆ ಬಂದರೆ, ಪಂಖಾದ ನೆರಳಲ್ಲಿ ನಿಜವಾಗಿಯೂ ಕುರಿ ನಿಂತಿವೆ.

"ಕಂಪನಿ ಕುರಿ ಯಾವಾಗ ತಗೊಂಡಿತು?"

ಕಾಕಾ ಕೈ ಮುಗಿದರು. "ಇವು ನನ್ನವ್ರಿ ಸಾಹೇಬ್ರ. ಕಂಪನೀವು ಪೆಟಗಿ ಒಳಗದಾವ."

ಕಾರ್ಡಿನ ವಯಸ್ಸು

ತಪ್ಪಿದ ಹೊತ್ತು ಸರಿಮಾಡುವವನೊಬ್ಬ ಬಂದಿದ್ದಾನೆ ಅಂತ ಊರಿಗೆ ಸುದ್ದಿ ಮುಟ್ಟಿತು. ಕಾಕಾನ ಅಕ್ಕ ಸೆರಗಿನಲ್ಲಿ ಆಧಾರ್ ಕಾರ್ಡು ಕಟ್ಟಿಕೊಂಡು ಬಂದರು. ಅದರ ಪ್ರಕಾರ ಅವರು ಸ್ವಂತ ಮಗನಿಗಿಂತ ಎಂಟೇ ವರ್ಷ ದೊಡ್ಡವರು.

"ಇದಕ್ಕ ನನ್ನ ಸಾಲು ನಡಿಯೂದಿಲ್ರಿ ಅಜ್ಜಿ. ತಾಲೂಕಿಗೆ ಹೋಗಿ ನಿಮ್ಮ ವಯಸ್ಸು ಹೆಚ್ಚ ಮಾಡಸ್ರಿ."

ಅಜ್ಜಿ ಕಾರ್ಡು ಕಸಿದುಕೊಂಡರು. "ನಂದ್ಯಾಕ ಮುಟ್ಟತಿಯೋ ಯಪ್ಪಾ? ಮಗನ್ನ ಸಣ್ಣಾಂವನ್ನ ಮಾಡು!"

ಕೆಂಪು ಗುಂಡಿ

ಇದು ಹೋದ ವಾರದ್ದು. ಬೆಳಿಗ್ಗೆ ಸುಪರ್‌ವೈಜರ್ ಸಾಹೇಬರು ಜೀಪಿನಿಂದ ಇಳಿದವರೇ ಪೆಟ್ಟಿಗೆಯ ದಾಖಲೆ ತೆಗೆದರು. ಪಂಖಾ ಹಿಂದಿನ ದಿನದಿಂದ ನಿಂತಿತ್ತು. ಗಾಳಿ ಬಿದ್ದಿದೆ ಅಂತ ಕಾಕಾ ಸುಮ್ಮನಿದ್ದರು. ದಾಖಲೆಯಲ್ಲಿ ಬೇರೆ ಇತ್ತು: ಹಿಂದಿನ ದಿನ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಕೆಂಪು ಗುಂಡಿ ಒತ್ತಲಾಗಿದೆ.

"ಒಂಬತ್ತ ನಲವತ್ತಕ್ಕ ಇಲ್ಲಿ ನೀ ಒಬ್ಬನ ಇದ್ದಿ," ಅಂದರು ಸಾಹೇಬರು. "ಇವತ್ತಿಂದ ಬರಬ್ಯಾಡ."

"ನಾ ಮುಟ್ಟಿಲ್ರಿ ಸಾಹೇಬ್ರ. ಕುರಿ ಮ್ಯಾಲ ಆಣಿ."

"ಪೆಟಗಿ ಸುಳ್ಳ ಹೇಳೂದಿಲ್ಲ."

ಕಾಕಾ ಕೊರಳಿನ ಸೀಟಿ ಬಿಚ್ಚಿ ಮೇಜಿನ ಮೇಲೆ ಇಟ್ಟರು. ನನಗೆ ಆಗ ನೆನಪಾಯಿತು: ನಿನ್ನೆ ಒಂಬತ್ತೂವರೆಗೆ ಹೋದ ಕರೆಂಟು ಬಂದದ್ದು ಮಧ್ಯಾಹ್ನ ಎರಡಕ್ಕೆ, ಬ್ಯಾಟರಿ ಮೊದಲೇ ಮುಗಿದಿತ್ತು. ಪೆಟ್ಟಿಗೆ ಎದ್ದಾಗ ಅದರ ಲೆಕ್ಕದಲ್ಲಿ ಇನ್ನೂ ಒಂಬತ್ತೂವರೆಯೇ. ನಾನು ಸಾಲು ಬಡಿದಿರಲಿಲ್ಲ.

"ಎರಡ ನಿಮಿಷ ಕುಂದರ್ರಿ ಸಾಹೇಬ್ರ," ಅಂದೆ. ನಾಲ್ಕೂ ಇ ಎಣಿಸಿ ಬಡಿದೆ. ದಾಖಲೆ ಮತ್ತೆ ತೆರೆದೆ. ಗುಂಡಿ ಒತ್ತಿದ್ದು ಮಧ್ಯಾಹ್ನ ಎರಡು ಹತ್ತಕ್ಕೆ.

"ಎರಡ ಹತ್ತಕ್ಕ ಇಲ್ಲಿ ಯಾರಿದ್ರು?" ಸಾಹೇಬರು ಗುಡುಗಿದರು.

ನಾನು ನಮ್ಮ ಕೆಲಸದ ವಾಟ್ಸಾಪ್ ಗುಂಪು ತೆರೆದು ಮುಂದೆ ಹಿಡಿದೆ. ನಿನ್ನೆ ಸಾಹೇಬರೇ ಹಾಕಿದ ಫೋಟೋ. ಆ ಕಡೆ ಮಾವ, ಈ ಕಡೆ ಅತ್ತೆ, ನಡುವೆ ಅಳಿಯ ಸಾಹೇಬರು ಬೆನ್ನನ್ನು ಕೆಂಪು ಗುಂಡಿಗೆ ಆನಿಸಿ ನಗುತ್ತಿದ್ದಾರೆ. ಕೆಳಗೆ 'ನಮ್ಮ ಪಂಖಾ' ಎಂದು ಬರೆದಿದೆ. ಹೊತ್ತು ಎರಡು ಹತ್ತು.

ಕಾಕಾ ಬಗ್ಗಿ ನೋಡಿ ಖುಷಿಯಾದರು. "ಭಾಳ ಚಲೋ ಬಂದೈತಿ. ನಾನ ತಗದದ್ದು. ಅತ್ತಿಯವರ ಅರ್ಧಾ ಹೊರಗ ಉಳದಿದ್ರು. ಅದಕ್ಕ, ಸಾಹೇಬ್ರ ಈಟ ಹಿಂದ ಸರೀರಿ ಅಂದೆ."

ಸಾಹೇಬರು ಎದ್ದು ನಿಂತರು. "ಅಂದ್ರ ನೀನ ನಿಲ್ಲಿಸಿದಂಗಾತು!"

"ಗುಂಡಿ ಒತ್ತಿದ್ದಷ್ಟ ಬರದೈತ್ರಿ," ಅಂದೆ ನಾನು. "ಹಿಂದ ಸರೀರಿ ಅಂದದ್ದು ಬರದಿಲ್ಲ."

ಕಾಕಾ ಸೀಟಿ ತೆಗೆದು ಕೊರಳಿಗೆ ಹಾಕಿಕೊಂಡರು. "ಪೆಟಗಿ ಸುಳ್ಳ ಹೇಳೂದಿಲ್ರಿ."

ಸಾಹೇಬರು ವರದಿಯಲ್ಲಿ 'ಕಾರಣ: ತಾಂತ್ರಿಕ' ಎಂದು ಬರೆದು ಜೀಪು ಹತ್ತಿದರು.

ಮರುದಿನ ಕಾಕಾ ಆ ಸಾಲನ್ನು ನನ್ನಿಂದ ಇದ್ದಲಿಯಲ್ಲಿ ಗೋಡೆಯ ಮೇಲೆ ಬರೆಸಿಕೊಂಡರು. ಈಗ ಆಕಾರ ನೋಡಿ ತಾವೇ ಬಡಿಯುತ್ತಾರೆ. ನನ್ನ ಕೆಲಸ ಗೋಡೆಗೆ ಬಂದ ಮೇಲೆ ನನ್ನ ಕಾಲು ನಿಲ್ಲುವುದಿಲ್ಲ. ಇವತ್ತು ಚೀಲದಲ್ಲಿ ಎರಡು ಅಂಗಿ, ಒಂದು ಚಾದರ ತುಂಬಿದೆ.

"ಈ ಸಲ ಹೇಳಿ ಹೊಂಟಿ. ಸುಧಾರಿಸಿದಿ," ಅಂದರು ಕಾಕಾ. ಆಮೇಲೆ ಫೋನು ತೆಗೆದರು. "ನಿಲ್ಲು, ಒಂದ ಫೋಟೋ ತಗೀತೇನಿ. ಪೆಟಗೀನೂ ಬರಲಿ. ಈಟ ಹಿಂದ ಸರಿ."

ನಾನು ಮೊದಲು ತಿರುಗಿ ಬೆನ್ನ ಹಿಂದೆ ಏನಿದೆ ಅಂತ ನೋಡಿಕೊಂಡೆ.