ಬೆಳಿಗ್ಗೆ ಆರಕ್ಕೆ ನೈಟ್

ನಮ್ಮತ್ತೆ ಹಾಲಮ್ಮನವರಿಗೆ ಹಗಲಿಗೂ ರಾತ್ರಿಗೂ ಇರುವ ವ್ಯತ್ಯಾಸ ಗೊತ್ತಿಲ್ಲವೆಂದು ನಾನು ಎರಡು ದಿನ ನಂಬಿದ್ದೆ. ನಾನು ಸೊರಬದಲ್ಲಿ ಇಂಗ್ಲಿಷ್ ಮೇಷ್ಟ್ರು. ಹಾಗೆ ನಂಬಲು ನನಗೆ ಅಧಿಕಾರವಿತ್ತು.

ತೊಂಬತ್ತನಾಲ್ಕರಲ್ಲಿ ನಮ್ಮ ಎರಡನೇ ಮಗಳ ನಾಮಕರಣ. ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಮುಹೂರ್ತ. ತೊಟ್ಟಿಲು ಬರಬೇಕಾದ್ದು ಹೆಂಡತಿ ರಾಜೇಶ್ವರಿಯ ತವರಿನಿಂದ, ಬಳ್ಳಿಗಾವಿಯ ಆಚೆಯ ಹಳ್ಳಿಯಿಂದ. ಅವಳೇ ಮಲಗಿ ಬೆಳೆದ ತೊಟ್ಟಿಲು. ಬುಧವಾರ ಅತ್ತೆ ಬಳ್ಳಿಗಾವಿಗೆ ಬಂದು ನಮ್ಮ ಶಾಲೆಗೆ ಫೋನು ಮಾಡಿದರು: "ಶುಕ್ರವಾರ ನೈಟಿಗೆ ಬರ್ತೀನ್ರಿ. ತೊಟ್ಲು ಭಾರ ಐತಿ, ಸ್ಟ್ಯಾಂಡಿಗೆ ಬರ್ರಿ."

ಅಕ್ಷರ ಕಲಿಯದವರ ಬಾಯಲ್ಲಿ ಇಂಗ್ಲಿಷ್ ಕೇಳಿ ಹಿಗ್ಗಿದೆ. (ನನ್ನದೇ ಪ್ರಭಾವ ಅಂದುಕೊಂಡೆ.) ಅದನ್ನು ಹೆಂಡತಿಗೆ ಹಾಗೇ ದಾಟಿಸಿದ್ದರೆ ಸಾಕಿತ್ತು. ನಾನು ಅಚ್ಚಗನ್ನಡಕ್ಕೆ ಅನುವಾದಿಸಿ, ನಿಮ್ಮಮ್ಮ ಶುಕ್ರವಾರ ರಾತ್ರಿ ಬರ್ತಾರಂತೆ ಎಂದೆ.

"ಹಾಗಾದ್ರೆ ಹನ್ನೊಂದಕ್ಕೆ ಮಗೂನ ಎಲ್ಲಿ ಹಾಕ್ತೀರಿ? ನಿಮ್ಮ ಡಿಕ್ಷನರಿ ಮೇಲಾ?" ಎಂದವಳೇ ಅತ್ತುಬಿಟ್ಟಳು. ನಾನು ಘನಗಾಂಭೀರ್ಯದಿಂದ ಪಕ್ಕದ ಮನೆಯ ಯಮುನಮ್ಮನ ತೊಟ್ಟಿಲು ಕಡ ತಂದೆ. ಅದು ಕಿರ್ ಅಂದಾಗಲೆಲ್ಲ ಅವಳು ನನ್ನ ಮುಖ ನೋಡುತ್ತಿದ್ದಳು.

ಶುಕ್ರವಾರ ಹತ್ತೂ ಮುಕ್ಕಾಲು. ಬಾಗಿಲಲ್ಲಿ ಅತ್ತೆ, ತಲೆಯ ಮೇಲೆ ತೊಟ್ಟಿಲು! ಏಳೂವರೆಯಿಂದ ಸ್ಟ್ಯಾಂಡಿನಲ್ಲಿ ಕಾದು ಕೂತು, ಕೊನೆಗೆ ಇಂಗ್ಲಿಷ್ ಮೇಷ್ಟ್ರ ಹೊಸ ಬಾಡಿಗೆ ಮನೆ ಯಾವುದೆಂದು ಕೇಳಿಕೊಂಡು ಹೊತ್ತೇ ತಂದಿದ್ದರು.

"ನೈಟಿಗೇ ಬಂದೀನಿ. ನೀವೆಲ್ಲಿ ಹೋಗಿದ್ರಿ?"

ರಾಜೇಶ್ವರಿ ನಿಧಾನವಾಗಿ ನನ್ನತ್ತ ತಿರುಗಿದಳು. "ಅಮ್ಮ ನೈಟಿಗೆ ಅಂದಿದ್ರಾ?"

ವಿಷಯ ಇಷ್ಟೇ. ಅವರೂರಿಗೆ ರಾತ್ರಿ ಬಂದು ತಂಗುವ ನೈಟ್ ಹಾಲ್ಟ್ ಬಸ್ಸು ಬೆಳಿಗ್ಗೆ ಆರಕ್ಕೆ ಸೊರಬಕ್ಕೆ ಹೊರಡುತ್ತದೆ. ಊರಿಗೆ ಊರೇ ಅದನ್ನು ನೈಟ್ ಅನ್ನುತ್ತದೆ. ನೈಟ್ ಹೋಗುವ ಮುಂಚೆ ಹಾಲು ಕರೆಯುತ್ತಾರೆ, ನೈಟ್ ಹಾರನ್ ಹೊಡೆದರೆ ಮಕ್ಕಳು ಏಳುತ್ತಾರೆ. ನಾನು ಬೆರಗಾಗಿ ನಿಂತೆ. ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬರೆದು ಒರೆಸಿದ ಒಂದು ಪದಕ್ಕೆ ಈ ಜನ ಸೂರ್ಯೋದಯವನ್ನೇ ಕಟ್ಟಿಕೊಟ್ಟಿದ್ದರು. ಯಾರನ್ನೂ ಕೇಳದೆ, ನನ್ನನ್ನಂತೂ ಕೇಳದೆ. ಮಗುವನ್ನು ಹಾಕಿದ ತವರಿನ ತೊಟ್ಟಿಲು ಆಗಲೇ ಸದ್ದಿಲ್ಲದೆ ತೂಗುತ್ತಿತ್ತು.

ಆದರೂ ಮೇಷ್ಟ್ರ ಬಾಯಿ ಸುಮ್ಮನಿರಬೇಕಲ್ಲ. "ಹಂಗಾದ್ರೆ ಅತ್ತೆ, ನಿಜವಾದ ನೈಟಿಗೆ ನೀವೇನಂತೀರಿ?"

ಅತ್ತೆ ತೊಟ್ಟಿಲ ಹಗ್ಗ ಬಿಡದೆ ಹೇಳಿದರು:

"ರಾತ್ರಿ ಅಂತೀವ್ರಿ. ನಿಮಗೆ ಕನ್ನಡ ಬರಲ್ವೇನು?"